ಉಪ್ಪುನೀರಿನ ಮೀನಿಗೆ ಬಿಳಿ ಚುಕ್ಕೆ: ಬಾಟಲಿ ಬೇಡ, ಎರಡು ಟಬ್ ಸಾಕು

ಬ್ಲೂ ಟ್ಯಾಂಗ್ ಎಂಬ ನೀಲಿ ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡ ಕೂಡಲೇ ಜನ ಅಂಗಡಿಗೆ ಓಡುತ್ತಾರೆ. ಯಾವುದೋ ಬಾಟಲಿ ತಂದು ಟ್ಯಾಂಕಿಗೇ ಸುರಿಯುತ್ತಾರೆ. ನಾಲ್ಕೈದು ದಿನದಲ್ಲಿ ಚುಕ್ಕೆ ಮಾಯವಾಗುತ್ತದೆ, ಮನೆಯವರಿಗೆಲ್ಲ ಖುಷಿ. ಆಮೇಲೆ ಒಂದೆರಡು ವಾರಕ್ಕೆ ಕ್ಲೌನ್ ಫಿಶ್ ಸೇರಿ ಎಲ್ಲದರ ಮೈಮೇಲೂ ಚುಕ್ಕೆ. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಚುಕ್ಕೆ ಹೋಗಿದ್ದು ಬಾಟಲಿಯಿಂದ ಅಲ್ಲ. ಕ್ರಿಪ್ಟೋಕ್ಯಾರಿಯಾನ್ ಎಂಬ ಈ ಏಕಕೋಶ ಜೀವಿ ಮೀನಿನ ಚರ್ಮದೊಳಗೆ 3ರಿಂದ 7 ದಿನ ಇದ್ದು, ತಾನಾಗಿಯೇ ಕಳಚಿಕೊಳ್ಳುತ್ತದೆ. ಮರಳು, ಕಲ್ಲು, ಗಾಜಿಗೆ ಅಂಟಿ ಗೂಡು ಕಟ್ಟುತ್ತದೆ. ಗೂಡು ಒಡೆಯಲು ಕಡಿಮೆಯೆಂದರೂ ಸುಮಾರು 3 ದಿನ ಬೇಕು. ಒಡೆದಾಗ ನೂರಾರು ಮರಿಗಳು ಮೀನು ಹುಡುಕಿಕೊಂಡು ಹೊರಡುತ್ತವೆ. ಅಂದರೆ ಗೂಡು ಒಡೆಯುವ ಮೊದಲೇ ಮೀನು ಅಲ್ಲಿಂದ ಜಾಗ ಖಾಲಿ ಮಾಡಿದ್ದರೆ ಆಯಿತು. ಚಿಕಿತ್ಸೆ ಎಂದರೆ ಇಷ್ಟೇ.

ಮೊದಲು ಚುಕ್ಕೆಯನ್ನು ಸರಿಯಾಗಿ ನೋಡಿ. ಉಪ್ಪಿನ ಹರಳಿನಷ್ಟು ದಪ್ಪ ಇದ್ದು, ಒಂದೊಂದಾಗಿ ಎಣಿಸಲು ಬಂದರೆ ಈ ವಿಧಾನ ಸರಿ. ಎಣಿಸಲಾಗದಷ್ಟು ಸಣ್ಣ ಪುಡಿ ಮೈತುಂಬ ಮೆತ್ತಿದ್ದು, ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ರೋಗ. ಅದಕ್ಕೆ ಟಬ್ ಬದಲಿಸುತ್ತಾ ಕೂರಬೇಡಿ. ಅದೇ ದಿನ ಬೇರೆ ಟಬ್‌ನಲ್ಲಿ ತಾಮ್ರದ ಔಷಧಿ ಕೊಡಿ, ಪ್ರಮಾಣವನ್ನು ಟೆಸ್ಟ್ ಕಿಟ್‌ನಲ್ಲಿ ಅಳೆಯುತ್ತಿರಿ. ಮುಖ್ಯ ಟ್ಯಾಂಕಿಗೆ ಮಾತ್ರ ತಾಮ್ರ ಎಂದೂ ಹಾಕಬೇಡಿ. ಹವಳ, ಸೀಗಡಿ, ಬಸವನಹುಳು ಎಲ್ಲ ಸಾಯುತ್ತವೆ.

40 ಲೀಟರ್‌ನ ಎರಡು ಹೊಸ ಪ್ಲಾಸ್ಟಿಕ್ ಟಬ್ ತನ್ನಿ. ಪ್ರತಿಯೊಂದಕ್ಕೂ ಹೀಟರ್, ಏರ್ ಸ್ಟೋನ್ (ಗಾಳಿಯ ಗುಳ್ಳೆ ಬಿಡುವ ಕಲ್ಲು), ಮೀನು ಅಡಗಿಕೊಳ್ಳಲು ಒಂದು ಪಿವಿಸಿ ಪೈಪ್ ತುಂಡು ಬೇರೆ ಬೇರೆಯೇ ಇರಲಿ. ಮರಳು, ಕಲ್ಲು ಬೇಡ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರದ ಉಪ್ಪಿನ ಮಿಶ್ರಣ ಹಾಕಿ, ಒಂದು ದಿನ ಪಂಪ್ ಓಡಿಸಿ. ಅಡುಗೆ ಉಪ್ಪು ನಡೆಯುವುದಿಲ್ಲ. ನೀರಿನ ಸಾಂದ್ರತೆ 1.025, ತಾಪ 26 ಡಿಗ್ರಿ ಇರಲಿ. ಸಾಂದ್ರತೆ ಅಳೆಯಲು ಮುಳ್ಳು ಅಲ್ಲಾಡುವ ಅಗ್ಗದ ಹೈಡ್ರೋಮೀಟರ್ ಸುಮ್ನೆ ದಾರಿ ತಪ್ಪಿಸುತ್ತದೆ, ರಿಫ್ರ್ಯಾಕ್ಟೋಮೀಟರನ್ನೇ ಕೊಳ್ಳಿ.

ಈಗ ಎಲ್ಲರೂ ಎಡವುವ ಹಂತ, ಮೀನು ಬದಲಿಸುವುದು. 1ನೇ ದಿನ ಮೀನು ಮೊದಲ ಟಬ್‌ಗೆ. 4ನೇ ದಿನ ಎರಡನೆಯದಕ್ಕೆ, 7ಕ್ಕೆ ತೊಳೆದ ಮೊದಲನೆಯದಕ್ಕೆ, 10ಕ್ಕೆ ಮತ್ತೆ ಎರಡನೆಯದಕ್ಕೆ. 13ನೇ ದಿನ ಹೊಸದೊಂದು ಟ್ಯಾಂಕಿಗೆ. ಪ್ರತಿ ಸಲವೂ 72 ಗಂಟೆಯೊಳಗೆ ಬದಲಿಸಲೇಬೇಕು. ಬೆಳಗ್ಗೆ ಹಾಕಿದ ಮೀನನ್ನು ಬೆಳಗ್ಗೆಯೇ ತೆಗೆಯಿರಿ. ಆಫೀಸಿನಿಂದ ಬಂದು ಮಾಡೋಣ ಎಂದರೆ ಅಷ್ಟರಲ್ಲಿ ಗೂಡು ಒಡೆದಿರಬಹುದು, ಆಗ ಎಣಿಕೆ ಮೊದಲಿನಿಂದ. ಚುಕ್ಕೆ ಇಲ್ಲದ ಮೀನುಗಳೂ ಬರಬೇಕು. ಚರ್ಮದಲ್ಲಿ ಕಾಣದಿದ್ದರೂ ಕಿವಿರಿನಲ್ಲಿ ಇರಬಹುದು.

ಬಲೆ ಬಳಸಬೇಡಿ. ಟ್ಯಾಂಗ್‌ನ ಬಾಲದ ಬುಡದ ಮುಳ್ಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಇದಕ್ಕೆ ಹೇಳಿ ಮಾಡಿಸಿದ್ದು. ಮೀನನ್ನು ಮೆಲ್ಲಗೆ ಎತ್ತಿ, ಎರಡು ಸೆಕೆಂಡ್ ನೀರು ಬಸಿಯಲು ಬಿಟ್ಟು, ಇನ್ನೊಂದು ಟಬ್‌ಗೆ ಜಾರಿಸಿ. ಹಳೆಯ ನೀರು ಹೊಸ ಟಬ್‌ಗೆ ಬರಲೇಬಾರದು. ಹೊಸ ನೀರಿಗೆ ಮೀನನ್ನು ಒಗ್ಗಿಸಲು ಹನಿಹನಿಯಾಗಿ ನೀರು ಬೆರೆಸುವ ಅಭ್ಯಾಸವನ್ನೂ ಇಲ್ಲಿ ಬಿಡಿ. ಎರಡೂ ಟಬ್‌ನ ಸಾಂದ್ರತೆ, ತಾಪ ಒಂದೇ ಇದ್ದರೆ ಮೀನಿಗೆ ಏನೂ ಆಗುವುದಿಲ್ಲ.

ಖಾಲಿಯಾದ ಟಬ್, ಪೈಪ್, ಹೀಟರ್, ಬುಟ್ಟಿ ಎಲ್ಲವನ್ನೂ ವಿನೆಗರ್ ಹಾಕಿ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಕೈಗೆ ತೇವ ಹತ್ತಿದರೆ ಒಣಗಿಲ್ಲ ಎಂದೇ ಲೆಕ್ಕ. ಬಿಸಿಲಿದ್ದರೆ ಒಂದು ದಿನ ಸಾಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಎಲ್ಲವೂ ಫ್ಯಾನ್ ಕೆಳಗೆ ಇರಲಿ. ಏರ್ ಸ್ಟೋನ್ ಒಳಗೆ ಒಣಗುವುದೇ ಇಲ್ಲ, ಪ್ರತಿ ಸಲ ಹೊಸದು ಹಾಕಿ.

ಆಹಾರ ಸ್ವಲ್ಪವೇ ಕೊಡಿ. ಟಬ್‌ನಲ್ಲಿ ಫಿಲ್ಟರ್ ಇಲ್ಲದ್ದರಿಂದ ಅಮೋನಿಯಾ, ಅಂದರೆ ಮೀನಿನ ಕಸದಿಂದ ಬರುವ ವಿಷ, ಬೇಗ ಏರುತ್ತದೆ. ದಿನಾ ಟೆಸ್ಟ್ ಮಾಡಿ, ಏರಿದ್ದರೆ ಅರ್ಧ ನೀರು ಬದಲಿಸಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ಹವಳಕ್ಕೂ ಸುರಕ್ಷಿತ ಎಂದು ಬರೆದ ಬಾಟಲಿಗಳು, ಬೆಳ್ಳುಳ್ಳಿ ರಸ ಇವುಗಳಿಗೆ ದುಡ್ಡು ಹಾಕಬೇಡಿ.

13ನೇ ದಿನ ಮೀನು ಹೋಗುವ ಟ್ಯಾಂಕಿಗೆ ಮುಖ್ಯ ಟ್ಯಾಂಕಿನ ಸ್ಪಂಜು, ಕಲ್ಲು ಏನನ್ನೂ ಹಾಕಬೇಡಿ. ಗೂಡು ಅದರ ಜೊತೆಗೇ ಬರುತ್ತದೆ. ಮೊದಲ ದಿನವೇ ಆ ಟ್ಯಾಂಕಿನಲ್ಲಿ ಬೇರೊಂದು ಸ್ಪಂಜು ಫಿಲ್ಟರ್ ಶುರು ಮಾಡಿ, ಅಮೋನಿಯಾ ಕಳೆಯಲು ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿಡಿ. ನಾನು ಹಣ ಕೊಡಿ ಎನ್ನುವ ಬಾಟಲಿ ಇದೊಂದೇ.

ಮುಖ್ಯ ಟ್ಯಾಂಕ್ 76 ದಿನ ಮೀನಿಲ್ಲದೆ ಇರಬೇಕು. ಹವಳ, ಸೀಗಡಿ ಇರಬಹುದು, ಮೀನು ಒಂದೂ ಇರಬಾರದು. ತಿಂಗಳಾಯಿತಲ್ವಾ, ಇನ್ನೇನು ಎಂದು ಅವಸರ ಮಾಡಬೇಡಿ, ಕೆಲವು ಗೂಡುಗಳು ವಾರಗಟ್ಟಲೆ ಒಡೆಯದೆ ಕೂರುತ್ತವೆ. ಈ ನಡುವೆ ಅಂಗಡಿಯ ಮೀನಿನ ತೊಟ್ಟಿಯಿಂದ ಒಂದೇ ಒಂದು ಬಸವನಹುಳು ತಂದು ಬಿಟ್ಟರೂ, ಅದರ ಚಿಪ್ಪಿನ ಮೇಲೆ ಗೂಡು ಬಂದಿರಬಹುದು. ಎಣಿಕೆ ಮತ್ತೆ ಒಂದರಿಂದ.