ಫ್ಲೂ ಬರುವ ಮುಂಚೆ ಒಂದು ಜೋಡಿ ಮನೆ ಮಾಡಿಕೊಳ್ಳಿ

ಹೊಸ ದೇಶಕ್ಕೆ ಬಂದು ಮೊದಲ ಚಳಿಗಾಲದ ಹೊಸ್ತಿಲಲ್ಲಿ ನಿಂತವರನ್ನು ನಾನು ಕೇಳುವುದು ಒಂದೇ ಪ್ರಶ್ನೆ: ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಹಾಸಿಗೆ ಹಿಡಿದರೆ ಮಗುವನ್ನು ನೋಡಿಕೊಳ್ಳುವವರು ಯಾರು? ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಾವೂ ಹಾಗೆಯೇ ಇದ್ದೆವು. ಬಂದ ವರ್ಷವೇ ಮನೆಯ ಮೂವರಿಗೂ ಎರಡು ದಿನಗಳ ಅಂತರದಲ್ಲಿ ಫ್ಲೂ ಬಂತು. ಮನೆಯಲ್ಲಿ ಥರ್ಮಾಮೀಟರ್ ಇರಲಿಲ್ಲ, ಔಷಧಿ ಅಂಗಡಿಯವರೆಗೆ ನಡೆಯಲು ಕಾಲಲ್ಲಿ ಕಸುವೂ ಇರಲಿಲ್ಲ. ಮೇಲಿನ ಮಹಡಿಯವರು, ಅವರ ಹೆಸರೂ ನಮಗೆ ಸರಿಯಾಗಿ ಗೊತ್ತಿರಲಿಲ್ಲ, ಮಾತ್ರೆ ಮತ್ತು ಥರ್ಮಾಮೀಟರನ್ನು ಒಂದು ಚೀಲದಲ್ಲಿ ಹಾಕಿ ಬಾಗಿಲ ಹಿಡಿಗೆ ತೂಗುಹಾಕಿ, ಬೆಲ್ ಒತ್ತಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಆಮೇಲೆ ಒಂದು ವಾರ ದಿನಕ್ಕೆರಡು ಸಲ ಫೋನ್ ಮಾಡಿದರು.

ಪ್ರತಿವರ್ಷದ ಫ್ಲೂಗೆ ಲಸಿಕೆ ಇದೆ. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಅದನ್ನು ವರ್ಷವರ್ಷವೂ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡ ಮೇಲೆ ದೇಹ ಸಜ್ಜಾಗಲು ಸುಮಾರು 2 ವಾರ ಬೇಕು, ಆದ್ದರಿಂದ ಊರಲ್ಲಿ ಎಲ್ಲರೂ ಕೆಮ್ಮಲು ಶುರುಮಾಡುವವರೆಗೆ ಕಾಯಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಇರುವವರಿಗೆ ಚಳಿಗಾಲ ವರ್ಷದ ನಡುವೆ ಬರುತ್ತದೆ; ಬೇರೆ ದೇಶದ ನೆಂಟರನ್ನು ನೋಡಿ ತಿಂಗಳು ಲೆಕ್ಕ ಹಾಕಿದರೆ ತಪ್ಪುತ್ತದೆ. 6 ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಹಾಕುವುದಿಲ್ಲ. ಗರ್ಭಿಣಿ ಹಾಕಿಸಿಕೊಂಡರೆ ಹುಟ್ಟುವ ಮಗುವಿಗೂ ಮೊದಲ ಕೆಲವು ತಿಂಗಳು ರಕ್ಷಣೆ ಸಿಗುತ್ತದೆ.

ಸಾಂಕ್ರಾಮಿಕ ಫ್ಲೂ ಮಾತು ಬೇರೆ. ಬಹುಪಾಲು ಜನರ ದೇಹಕ್ಕೆ ಪರಿಚಯವೇ ಇಲ್ಲದ ಹೊಸ ಬಗೆಯ ವೈರಸ್ ಜಗತ್ತಿಡೀ ಹರಡಿದಾಗ ಆಗುವಂಥದ್ದು ಅದು. 1918, 1957, 1968, 2009ರಲ್ಲಿ ಹೀಗಾಯಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೂನ್ 11ರಂದು ಸಾಂಕ್ರಾಮಿಕವೆಂದು ಘೋಷಿಸಿತು. ಹೊಸ ವೈರಸ್‌ಗೆ ತಕ್ಕ ಲಸಿಕೆ ಜನರ ತೋಳಿಗೆ ಬೀಳುವುದಕ್ಕೆ ಮತ್ತೆ ಕೆಲವು ತಿಂಗಳು ಬೇಕಾಯಿತು. ಆ ನಡುವಿನ ತಿಂಗಳುಗಳಲ್ಲಿ ನಮ್ಮನ್ನು ಕಾಯುವುದು ಕೈ ತೊಳೆಯುವುದು, ಮಾಸ್ಕ್, ತೆರೆದ ಕಿಟಕಿ, ಜ್ವರ ಬಂದವರು ಮನೆಯಲ್ಲೇ ಇರುವುದು. ಮನೆಯಲ್ಲೇ ಇರಬೇಕಾದರೆ ಹೊರಗಿನ ಕೆಲಸಕ್ಕೆ ಯಾರಾದರೂ ಬೇಕಲ್ಲ?

ಅದಕ್ಕೇ ಜೋಡಿ ಮನೆ ಎನ್ನುತ್ತೇನೆ. ಹತ್ತಿರದಲ್ಲಿರುವ ಒಂದು ಕುಟುಂಬದೊಡನೆ ಈಗಲೇ ಮಾತಾಡಿ: ನಿಮಗೆ ಕಾಯಿಲೆಯಾದರೆ ಔಷಧಿ, ದಿನಸಿ ತಂದು ಬಾಗಿಲಲ್ಲಿಡುವವರು ನಾವು, ನಮಗಾದರೆ ನೀವು. ಬೀಗದ ಕೈ ಒಂದೊಂದು ಬದಲಾಯಿಸಿಕೊಳ್ಳಿ. ಶಾಲೆಯಿಂದ ಮಗುವನ್ನು ಕರೆತರುವ ಅನುಮತಿ ಪಟ್ಟಿಯಲ್ಲಿ ಅವರ ಹೆಸರು ಬರೆಸಿ. ಎಷ್ಟೋ ಶಾಲೆಗಳು ಪಟ್ಟಿಯಲ್ಲಿಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ. ಕೇಳಲು ಸಂಕೋಚ ಎನ್ನುವವರಿಗೆ ನನ್ನ ಅನುಭವ ಹೇಳುತ್ತೇನೆ: ನಾವು ಕೇಳಿದ ಮನೆಯವರು ಅದೇ ಮಾತನ್ನು ನಮ್ಮಲ್ಲಿ ಕೇಳಲು ಹಿಂಜರಿಯುತ್ತಿದ್ದರು.

ಎರಡೂ ಮನೆಯ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಆ ದೇಶದ ಆಂಬುಲೆನ್ಸ್ ಸಂಖ್ಯೆ, ವೈದ್ಯರ ಫೋನ್, ವಿಮೆಯ ಸಂಖ್ಯೆ, ಮನೆಯ ಪೂರ್ಣ ವಿಳಾಸ ಅದರಲ್ಲಿರಲಿ; ಗಾಬರಿಯಲ್ಲಿ ಸ್ವಂತ ವಿಳಾಸವೂ ಬಾಯಿಗೆ ಬರುವುದಿಲ್ಲ. ಪ್ರತಿಯೊಬ್ಬರ ಕಾಯಿಲೆ, ಅಲರ್ಜಿ, ದಿನನಿತ್ಯದ ಮಾತ್ರೆ ಬರೆಯಿರಿ. ಇಲ್ಲಿ ಒಂದು ಎಚ್ಚರಿಕೆ: ಮಾತ್ರೆಯ ಕಂಪನಿ ಹೆಸರಲ್ಲ, ಅದರೊಳಗಿನ ಔಷಧದ ಹೆಸರು ಬರೆಯಿರಿ. ಊರಿಂದ ತಂದ ಮಾತ್ರೆಯ ಪೊಟ್ಟಣದ ಮೇಲಿನ ದೊಡ್ಡಕ್ಷರದ ಹೆಸರು ಇಲ್ಲಿನ ವೈದ್ಯರಿಗೆ ಗೊತ್ತಿರುವುದಿಲ್ಲ. ನಾವು ಪ್ಯಾರಾಸಿಟಮಾಲ್ ಎನ್ನುವುದನ್ನು ಅಮೆರಿಕ, ಕೆನಡಾಗಳಲ್ಲಿ ಅಸೆಟಮಿನೋಫೆನ್ ಎನ್ನುತ್ತಾರೆ. ಸ್ನೇಹಿತರೊಬ್ಬರ ತಂದೆ ಊರಿನ ಮಾತ್ರೆಯನ್ನೂ ನುಂಗಿ, ಅಂಗಡಿಯಲ್ಲಿ ಕೊಂಡ ಶೀತದ ಸಿರಪ್ಪನ್ನೂ ಕುಡಿಯುತ್ತಿದ್ದರು. ಎರಡರಲ್ಲೂ ಇದ್ದದ್ದು ಅದೇ ಔಷಧ. ಅಳತೆ ಮೀರಿದರೆ ಅದು ಯಕೃತ್ತನ್ನೇ ಕೆಡಿಸುತ್ತದೆ. ಮಕ್ಕಳಿಗೂ ಹದಿಹರೆಯದವರಿಗೂ ಫ್ಲೂ ಜ್ವರಕ್ಕೆ ಆಸ್ಪಿರಿನ್ ಕೊಡಲೇಬೇಡಿ. ಊರಿಂದ ತಂದಿಟ್ಟ ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡದು.

ಅಪ್ಪ ಅಮ್ಮ ಕೆಲವು ತಿಂಗಳಿಗೆಂದು ಬಂದಿದ್ದರೆ ಅವರದೇ ಒಂದು ಹಾಳೆ ಬೇಕು. 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಅಥವಾ ಆಸ್ತಮಾ ಇರುವವರಿಗೆ ಫ್ಲೂ ಬೇಗ ಉಲ್ಬಣಿಸುತ್ತದೆ. ವೈರಸ್ ತಡೆಯುವ ಔಷಧ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಅದಕ್ಕೇ ಅವರಿಗೆ "ನಾಳೆ ನೋಡೋಣ" ಎನ್ನದೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಕನ್ನಡ ದುಭಾಷಿ ಬೇಕೆಂದು ಕೇಳಿ ನೋಡಿ. ಹಲವೆಡೆ ಫೋನ್ ಮೂಲಕ ಒದಗಿಸುತ್ತಾರೆ. ಅವರ ಪ್ರವಾಸಿ ವಿಮೆ ಹಳೆಯ ಕಾಯಿಲೆಗೆ ಅನ್ವಯಿಸುತ್ತದೆಯೇ ಎಂಬುದನ್ನು ವಿಮಾನ ಹತ್ತಿಸುವ ಮೊದಲೇ ಓದಿಕೊಳ್ಳಿ.

ಕಾಯಿಲೆ ಬಂದವರಿಗೆ ಒಂದು ಕೋಣೆ, ನೋಡಿಕೊಳ್ಳಲು ಒಬ್ಬರೇ. ಜ್ವರ ಬರುವ ಒಂದು ದಿನ ಮುಂಚಿನಿಂದಲೇ ಅವರು ಸೋಂಕು ಹರಡುತ್ತಿರುತ್ತಾರೆ, ಆದ್ದರಿಂದ ಯಾರಿಂದ ಬಂತೆಂದು ಯಾರನ್ನೂ ದೂರಬೇಡಿ. ಮಾತ್ರೆಯಿಲ್ಲದೆ ಜ್ವರ ಇಳಿದು 24 ಗಂಟೆಯಾದರೂ ಕಳೆಯುವವರೆಗೆ ಶಾಲೆ, ಕಚೇರಿ ಬೇಡ. ಉಸಿರಾಟ ಕಷ್ಟವಾಗುವುದು, ತುಟಿ ನೀಲಿಯಾಗುವುದು, ಎದೆನೋವು, ಮಾತು ತಡವರಿಸುವ ಗೊಂದಲ, ಮಗು 8 ಗಂಟೆಯಾದರೂ ಮೂತ್ರ ಮಾಡದಿರುವುದು, ಇಳಿದ ಜ್ವರ ಮತ್ತೆ ಏರುವುದು: ಇವುಗಳಲ್ಲಿ ಒಂದು ಕಂಡರೂ ಜೋಡಿ ಮನೆಗಲ್ಲ, ನೇರ ತುರ್ತು ಚಿಕಿತ್ಸೆಗೆ ಕರೆ ಮಾಡಿ.

ಒಂಟಿಯಾಗಿರುವ ವಿದ್ಯಾರ್ಥಿಗಳನ್ನು ನೆನೆದರೆ ನನಗೆ ಹೆಚ್ಚು ಚಿಂತೆ. ಅವರನ್ನು ಯಾವುದಾದರೊಂದು ಜೋಡಿಗೆ ಮೂರನೆಯ ಮನೆಯಾಗಿ ಸೇರಿಸಿಕೊಳ್ಳಿ, ಬೆಳಿಗ್ಗೆ ಸಂಜೆ ಒಂದು ಫೋನ್ ಸಾಕು. ಯಾರನ್ನು ಕೇಳುವುದೆಂದು ತೋಚದಿದ್ದರೆ ಇಲ್ಲಿನ ಕನ್ನಡ ಸಂಘದಲ್ಲಿ ನಮ್ಮ ಬಳಿ ಹೇಳಿ. ನಡೆದು ಹೋಗುವಷ್ಟು ಹತ್ತಿರದ ಮನೆಯನ್ನು ಹುಡುಕಿಕೊಡುತ್ತೇವೆ.