ಮರುಕಳಿಸಿದ ಕ್ಷಯ: ಎರಡನೆಯ ಚಿಕಿತ್ಸೆ ಮತ್ತು ನಿಗಾ

ಮೂಡಿಗೆರೆ ಸೀಮೆಯ ಕಾಫಿ ತೋಟಗಳ ಕೂಲಿ ಲೈನುಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬರುವ ರೋಗಿಗಳನ್ನು ನೋಡುವ ವೈದ್ಯನಾದ ನನಗೆ, ಒಮ್ಮೆ ಗುಣವಾದವರಲ್ಲಿ ಕ್ಷಯ ನಿಜಕ್ಕೂ ಮರುಕಳಿಸಿದೆಯೇ ಎಂದು ತೀರ್ಮಾನಿಸುವುದು ಔಷಧ ಬರೆಯುವುದಕ್ಕಿಂತ ಕಷ್ಟವೆನಿಸಿದೆ. ಹಳೆಯ ಕಾಯಿಲೆಯ ಕಲೆ ಎಕ್ಸ್‌ರೇಯಲ್ಲಿ ಕೊನೆಯವರೆಗೂ ಉಳಿಯಬಹುದು; ಕಫದ ಟ್ರೂನ್ಯಾಟ್ ಪರೀಕ್ಷೆ ಗುರುತಿಸುವುದು ರೋಗಾಣುವಿನ ಡಿಎನ್‌ಎಯನ್ನಾದ್ದರಿಂದ ಸತ್ತ ರೋಗಾಣುಗಳ ಅವಶೇಷವಿದ್ದರೂ ಅದು ಪಾಸಿಟಿವ್ ತೋರಿಸಬಹುದು.

ಕೆಲವು ವರ್ಷಗಳ ಹಿಂದೆ ಪೂರ್ತಿ ಚಿಕಿತ್ಸೆ ಪಡೆದಿದ್ದ ಕಾರ್ಮಿಕರೊಬ್ಬರು ಕಾಫಿ ಕೊಯ್ಲಿನ ಹೊತ್ತಿಗೆ ಕೆಮ್ಮು, ಸಂಜೆಜ್ವರಗಳಿಂದ ಬಂದರು. ಅವರು ಮೊದಲು ಕೊಟ್ಟ ಡಬ್ಬಿಯಲ್ಲಿ ನೊರೆನೊರೆಯಾದ ಎಂಜಲಷ್ಟೇ ಇತ್ತು. ಬೆಳಿಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ಅಂಗಳದಲ್ಲಿ ನಿಂತು, ದೀರ್ಘವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಿ ಕಫ ತೆಗೆಯಬೇಕೆಂದು ಆಶಾ ಕಾರ್ಯಕರ್ತೆ ತಿಳಿಸಿಕೊಟ್ಟ ಮೇಲೆ ಹಳದಿ ಬಣ್ಣದ ಗಟ್ಟಿ ಕಫ ಬಂತು. ಟ್ರೂನ್ಯಾಟ್‌ನಲ್ಲಿ ರೋಗಾಣು ಕಂಡಿತು, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ರೋಗಾಣು ಬಗ್ಗದಿರುವ ನಿರೋಧಕತೆ ಕಾಣಲಿಲ್ಲ. ಜೀವಂತ ರೋಗಾಣುಗಳಷ್ಟೇ ಬೆಳೆಯುವ ಕಲ್ಚರ್ ಪರೀಕ್ಷೆಯಲ್ಲೂ ರೋಗಾಣು ಬೆಳೆದದ್ದರಿಂದ ಕಾಯಿಲೆ ಸಕ್ರಿಯವೆಂಬುದು ಖಚಿತವಾಯಿತು. ಔಷಧ ನಿರೋಧಕತೆಯ ಜೀನ್ ಬದಲಾವಣೆಗಳನ್ನು ಹುಡುಕುವ ಲೈನ್ ಪ್ರೋಬ್ ಪರೀಕ್ಷೆಯಲ್ಲಿ ಐಸೋನಿಯಜಿಡ್ ಎಂಬ ಇನ್ನೊಂದು ಮುಖ್ಯ ಔಷಧಕ್ಕೆ ನಿರೋಧಕತೆ ಹೊರಬಿತ್ತು.

ಹಿಂದೆ ಇಂಥವರಿಗೆಲ್ಲ ನಿರೋಧಕತೆಯನ್ನು ನೋಡದೆಯೇ ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಕೊಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ ಕ್ರಮವನ್ನು ಕೈಬಿಟ್ಟದ್ದು ನನ್ನ ಮಟ್ಟಿಗೆ ತಡವಾಗಿಯಾದರೂ ಆದ ಒಳ್ಳೆಯ ಕೆಲಸ. ಇವರಿಗೆ ಎಚ್‌ಐವಿ, ಸಕ್ಕರೆ, ಯಕೃತ್ತಿನ ಪರೀಕ್ಷೆ ಮತ್ತು ಇಸಿಜಿ ಮಾಡಿಸಿ, ರಿಫಾಂಪಿಸಿನ್, ಎಥಾಂಬ್ಯುಟಾಲ್, ಪೈರಜಿನಮೈಡ್‌ಗಳ ಜೊತೆ ಲೆವೊಫ್ಲಾಕ್ಸಾಸಿನ್ ಸೇರಿಸಿ ಆರು ತಿಂಗಳ ಚಿಕಿತ್ಸೆ ಆರಂಭಿಸಿದೆ. ಹೊಟ್ಟೆಯುರಿಗೆಂದು ಅಂಗಡಿಯಿಂದ ತಂದ ಆಂಟಾಸಿಡ್ ಅನ್ನು ಅವರು ಮಾತ್ರೆಗಳ ಜೊತೆಯಲ್ಲೇ ಕುಡಿಯುತ್ತಿದ್ದುದು ಮಾತಿನ ನಡುವೆ ತಿಳಿಯಿತು. ಅದು ಲೆವೊಫ್ಲಾಕ್ಸಾಸಿನ್ ರಕ್ತಕ್ಕೆ ಸೇರದಂತೆ ತಡೆಯುತ್ತದೆಯಾದ್ದರಿಂದ ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲೇಬೇಕೆಂದು ಹೇಳಿದೆ.

ನಿಗಾ ಇಡಲು ಟ್ರೂನ್ಯಾಟ್ ಅನ್ನು ಮತ್ತೆ ಮಾಡಿಸಲಿಲ್ಲ. ಸೂಕ್ಷ್ಮದರ್ಶಕದ ಕಫ ಪರೀಕ್ಷೆ ಮತ್ತು ಕಲ್ಚರ್‌ಗಳನ್ನೇ ನೆಚ್ಚಿಕೊಂಡೆ. ದ್ರವ ಮಾಧ್ಯಮದ ಕಲ್ಚರ್‌ನಲ್ಲಿ ರೋಗಾಣು ಇಲ್ಲವೆನ್ನಲು 42 ದಿನ ಕಾಯಬೇಕು, ಅಷ್ಟರವರೆಗೆ ತೂಕವೇ ಆಧಾರ. ಲೈನಿನ ಬಳಿ ಬೇರೆ ತಕ್ಕಡಿ ಇಲ್ಲದ್ದರಿಂದ ಕಾಫಿ ಮೂಟೆ ತೂಗುವ ಯಂತ್ರದ ಮೇಲೆಯೇ ಅವರನ್ನು ಪ್ರತಿ ಸಲ ನಿಲ್ಲಿಸಿದೆವು. ಯಂತ್ರ ಬದಲಾಗದಿದ್ದರೆ ಏರಿಳಿತ ತಿಳಿಯಲು ಅದು ಸಾಕು. ಔಷಧಗಳ ಅಡ್ಡಪರಿಣಾಮ ತಿಳಿಯಲು, ಕಣ್ಣು ಮಂಜಾಗುತ್ತಿದೆಯೇ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ನೋಯುತ್ತಿದೆಯೇ, ಕಣ್ಣು ಹಳದಿಯಾಗಿದೆಯೇ ಎಂದು ಪ್ರತಿ ಭೇಟಿಯಲ್ಲೂ ವಿಚಾರಿಸಿದೆ.

ಕೊನೆಯ ಕಲ್ಚರ್ ನೆಗೆಟಿವ್ ಬಂದಿದೆ. ಚಿಕಿತ್ಸೆ ಮುಗಿದ ನಂತರ 6, 12, 18 ಮತ್ತು 24ನೇ ತಿಂಗಳಿನಲ್ಲಿ ಮತ್ತೆ ಪರೀಕ್ಷಿಸಬೇಕಾಗಿರುವುದರಿಂದ, ಅವರು ಊರಿಗೆ ಹೊರಡುವ ಮೊದಲೇ ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಕ್ಷಯರೋಗಿಗಳ ದಾಖಲೆ ಇಡುವ ಸರ್ಕಾರಿ ಜಾಲತಾಣ ನಿಕ್ಷಯ್ ಮೂಲಕ ವಿವರ ವರ್ಗಾಯಿಸಿದ್ದೇವೆ.