ಯಜಮಾನರ ಜಾಹೀರಾತಿನಲ್ಲೇ ಗುಲಾಮರ ಪ್ರತಿರೋಧ ಓದಿದ್ದು

ಪದವಿ ತರಗತಿಗೆ ಅಮೆರಿಕದ ಇತಿಹಾಸ ಪಾಠ ಮಾಡುವಾಗ ಒಂದು ವಿಷಯ ನನ್ನನ್ನು ತುಂಬಾ ಕಾಡುತ್ತಿತ್ತು. ಗುಲಾಮಗಿರಿಯ ಅಧ್ಯಾಯದಲ್ಲಿ ಆಫ್ರಿಕನ್ನರು ಬರೀ ಏಟು ತಿನ್ನುವವರಾಗಿ ಉಳಿದುಬಿಡುತ್ತಿದ್ದರು. ನಡುವೆ ಒಂದೆರಡು ದಂಗೆಗಳ ಹೆಸರು, ಇಸವಿ, ಅಷ್ಟೇ. ದಿನನಿತ್ಯ ಅವರು ಹೇಗೆ ತಿರುಗಿ ನಿಂತರು ಅನ್ನೋದು ಮಕ್ಕಳಿಗೆ ಕಾಣುತ್ತಲೇ ಇರಲಿಲ್ಲ.

ದಾರಿ ಸಿಕ್ಕಿದ್ದು ಹಳೇ ಪತ್ರಿಕೆಗಳ ಜಾಹೀರಾತುಗಳಲ್ಲಿ. ಗುಲಾಮರು ತಪ್ಪಿಸಿಕೊಂಡರೆ ಯಜಮಾನರು 'ಹಿಡಿದುಕೊಟ್ಟವರಿಗೆ ಇನಾಮು' ಎಂದು ಹಾಕಿಸುತ್ತಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯ ಇಂಥ ಸಾವಿರಾರು ಜಾಹೀರಾತುಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ನಾನು ಒಂದನ್ನು ಕನ್ನಡಕ್ಕೆ ತಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಯಜಮಾನನ ಬೈಗುಳವನ್ನೆಲ್ಲ ಹೊಡೆದುಹಾಕಿ ಉಳಿದದ್ದನ್ನು ಎಲ್ಲರೂ ಸೇರಿ ಓದುತ್ತೇವೆ. ಆಳು ಕೈಗೆ ಸಿಗಬೇಕಾದರೆ ಗುರುತನ್ನಾದರೂ ಯಜಮಾನ ಸರಿಯಾಗಿ ಹೇಳಬೇಕಲ್ವಾ?

ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು 1769ರ ಸೆಪ್ಟೆಂಬರ್‌ನಲ್ಲಿ ಥಾಮಸ್ ಜೆಫರ್ಸನ್ (ಮುಂದೆ ಅಮೆರಿಕದ ಅಧ್ಯಕ್ಷನಾದವನು) 'ವರ್ಜೀನಿಯಾ ಗೆಜೆಟ್' ಪತ್ರಿಕೆಗೆ ಕೊಟ್ಟ ಜಾಹೀರಾತು. ತಪ್ಪಿಸಿಕೊಂಡವನ ಹೆಸರು ಸ್ಯಾಂಡಿ. ಕುಡುಕ, ಉದ್ಧಟ, ಕಪಟಿ ಎಂಬುದನ್ನೆಲ್ಲ ಅಳಿಸಿದೆವು. ಏನು ಉಳಿಯಿತು? ವಯಸ್ಸು ಸುಮಾರು 35. ಬೂಟು ಹೊಲಿಯುವ ಕಸುಬು. ಎಡಗೈ ಬಳಕೆ. ಮರಗೆಲಸವೂ ಸ್ವಲ್ಪ ಗೊತ್ತು, ಕುದುರೆಯೂ ಗೊತ್ತು. ಹೋಗುವಾಗ ಒಂದು ಬಿಳಿ ಕುದುರೆಯನ್ನೂ ತನ್ನ ಹತ್ಯಾರುಗಳನ್ನೂ ತೆಗೆದುಕೊಂಡು ಹೋಗಿದ್ದಾನೆ. ಸುಮ್ನೆ ಹೆದರಿ ಓಡಿದವನು ಹತ್ಯಾರು ಹೊತ್ತುಕೊಂಡು ಹೋಗುತ್ತಾನಾ? ಹೋದ ಕಡೆ ದುಡಿದು ತಿನ್ನುವ ಯೋಚನೆ ಅವನಿಗಿತ್ತು. ಜೆಫರ್ಸನ್‌ಗೂ ಅದು ಗೊತ್ತಿತ್ತು, ಹಾಗೆಂದೇ ಬರೆದಿದ್ದಾನೆ. ಇನಾಮು ನೋಡಿ: ಅದೇ ಕೌಂಟಿಯಲ್ಲಿ ಸಿಕ್ಕರೆ 40 ಶಿಲ್ಲಿಂಗ್, ಬೇರೆ ವಸಾಹತಿನಲ್ಲಿ ಸಿಕ್ಕರೆ 10 ಪೌಂಡ್, ಅಂದರೆ ಐದು ಪಟ್ಟು (ಪೌಂಡಿಗೆ 20 ಶಿಲ್ಲಿಂಗ್). ಸ್ಯಾಂಡಿ ಎಷ್ಟು ದೂರ ಹೋಗಬಲ್ಲ ಎಂಬ ಅಂದಾಜು ಆ ಲೆಕ್ಕದಲ್ಲೇ ಇದೆ. ಅವನು ಸಿಕ್ಕಿಬಿದ್ದ. 1773ರಲ್ಲಿ ಅವನನ್ನು 100 ಪೌಂಡಿಗೆ ಮಾರಿದರು. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ಅದೇ ಯಜಮಾನ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದದ್ದು ಮುಂದಿನ ಮೂರೇ ವರ್ಷದಲ್ಲಿ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಕಾನೂನನ್ನೂ ಹೀಗೇ ಓದಿಸುತ್ತೇನೆ. ದಕ್ಷಿಣ ಕೆರೊಲಿನಾದ 1740ರ ಕಾಯ್ದೆ ಗುಲಾಮರಿಗೆ ಡೋಲು, ಕೊಂಬು ಇಟ್ಟುಕೊಳ್ಳಬೇಡಿ ಅಂದಿತು. ಅವರು ಗುಂಪು ಸೇರುವುದನ್ನು ತಡೆಯಿತು. ಅವರಿಗೆ ಬರೆಯಲು ಕಲಿಸಿದವರಿಗೆ ದಂಡ ಹಾಕಿತು. ಡೋಲಿಗೆ ಯಾಕೆ ಅಷ್ಟು ಹೆದರಿದರು ಎಂದು ಮಕ್ಕಳು ಕೇಳಿದರೆ ಹಿಂದಿನ ವರ್ಷಕ್ಕೆ ಹೋಗುತ್ತೇವೆ. 1739ರ ಸೆಪ್ಟೆಂಬರ್ 9, ಭಾನುವಾರ. ಸ್ಟೋನೋ ನದಿಯ ಹತ್ತಿರ ಸುಮಾರು 20 ಗುಲಾಮರು ಅಂಗಡಿ ಒಡೆದು ಬಂದೂಕು ತೆಗೆದುಕೊಂಡರು. ಬಾವುಟ ಹಿಡಿದು, ಡೋಲು ಬಡಿಯುತ್ತಾ, ಸ್ವಾತಂತ್ರ್ಯ ಎಂದು ಕೂಗುತ್ತಾ ದಕ್ಷಿಣಕ್ಕೆ ಹೊರಟರು. ದಾರಿಯುದ್ದಕ್ಕೂ ಇನ್ನಷ್ಟು ಜನ ಸೇರಿಕೊಂಡರು. ಹೊರಟಿದ್ದು ಆಗ ಸ್ಪೇನಿನ ಕೈಯಲ್ಲಿದ್ದ ಫ್ಲೋರಿಡಾಕ್ಕೆ. ತಪ್ಪಿಸಿಕೊಂಡು ಬಂದವರಿಗೆ ಅಲ್ಲಿ ಬಿಡುಗಡೆ ಸಿಗುತ್ತಿತ್ತು. ಸೇಂಟ್ ಆಗಸ್ಟೀನ್ ಪಕ್ಕದಲ್ಲಿ 1738ರಿಂದಲೇ ಅಂಥವರದ್ದೇ ಊರು, ಫೋರ್ಟ್ ಮೋಸೆ ಇತ್ತು. ಅದೇ ದಿನ ಬಿಳಿಯರ ಸೈನ್ಯ ಅವರನ್ನು ಅಡ್ಡಗಟ್ಟಿ ಅನೇಕರನ್ನು ಕೊಂದಿತು.

ಜಾಹೀರಾತಿನಲ್ಲಿ ಓಡಿದವರ ಸ್ವಂತ ಮಾತು ಇರುವುದಿಲ್ಲ, ಅದೇ ನೋವು. ಓನಾ ಜಡ್ಜ್ ಎಂಬ ಗುಲಾಮ ಹೆಣ್ಣಿನ ವಿಷಯದಲ್ಲಿ ಜಾಹೀರಾತು, ಅವಳ ಮಾತು ಎರಡೂ ಸಿಗುತ್ತವೆ. 1796ರ ಮೇ ತಿಂಗಳಲ್ಲಿ ಆಕೆ ಫಿಲಡೆಲ್ಫಿಯಾದಲ್ಲಿ ಅಧ್ಯಕ್ಷ ವಾಷಿಂಗ್ಟನ್ ಮನೆಯಿಂದ ಹೊರಟುಹೋದಳು, ಅವರೆಲ್ಲ ಊಟಕ್ಕೆ ಕೂತಿದ್ದಾಗ. ಅವಳು ಹೋಗಲು ಯಾವ ಕಾರಣವೂ ಇರಲಿಲ್ಲ ಎಂದು ಜಾಹೀರಾತು ಹೇಳಿತು. ಮುಪ್ಪಿನಲ್ಲಿ, 1840ರ ದಶಕದಲ್ಲಿ, ಅವಳೇ ಪತ್ರಿಕೆಗಳಿಗೆ ಕಾರಣ ಹೇಳಿದಳು: ತನ್ನನ್ನು ಅಧ್ಯಕ್ಷನ ಹೆಂಡತಿ ಮಾರ್ಥಾ ವಾಷಿಂಗ್ಟನ್‌ಳ ಮೊಮ್ಮಗಳಿಗೆ ಕೊಡುವ ಮಾತು ನಡೆದಿತ್ತು.

ಆ ಜಾಹೀರಾತನ್ನೂ ಅವಳ ಮಾತನ್ನೂ ಒಂದೇ ಹಾಳೆಯ ಎರಡು ಬದಿಗೆ ಅಚ್ಚು ಹಾಕಿಸಿ ಹಂಚುತ್ತೇನೆ. ಗೇಬ್ರಿಯಲ್, ನ್ಯಾಟ್ ಟರ್ನರ್ ಎಂಬ ಗುಲಾಮರ ದಂಗೆಗಳ ಪಾಠ ಈಗ ಇದಾದ ಮೇಲೆಯೇ.